ಎಡಚನ ಗೀರು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ಅರ್ಧನೂಲು. ಇಂಚಿಗೆ ಎಂಟು ನೂಲು ಎನ್ನುವುದು ಬಡಗಿಗಳ ಲೆಕ್ಕ. ಬೇರೆಯವರು ಒಂದು ನೂಲು ಹೆಚ್ಚುಕಮ್ಮಿಯಾದರೆ ತಲೆ ಕೆಡಿಸಿಕೊಳ್ಳುವುದಿಲ್ಲ, ಇವನೋ ಅರ್ಧ ನೂಲಿಗಾಗಿ ಕೂರಿಸಿದ ಬಾಗಿಲನ್ನೇ ಕಿತ್ತು ಮತ್ತೆ ಕೂರಿಸುವ ಆಸಾಮಿ. ಕಪಾಟು ಮಾಡಲು ಹೇಳಿದವರು ಕಾದು ಕಾದು ಹಣ್ಣಾಗಿ, "ಅಯ್ಯೋ ಪುಣ್ಯಾತ್ಮ, ನಾವೇನು ಕಪಾಟಿನೊಳಗೆ ಸಂಸಾರ ಮಾಡ್ತೀವಾ? ಬಟ್ಟೆ ಇಡೋಕೆ ತಾನೇ?" ಎಂದು ಬೈದರೂ ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಇವನು ಹೀಗೇ ಎಂದು ಬೀದಿಯವರು ನಂಬಿದ್ದರು. ಶುದ್ಧ ಸುಳ್ಳು. ಇಪ್ಪತ್ತೆರಡು ವರ್ಷದ ಹಿಂದೆ ಅವನ ಬಾಯಲ್ಲಿ ದಿನಕ್ಕೆ ಐವತ್ತು ಸಲ ಬರುತ್ತಿದ್ದ ಮಾತೆಂದರೆ "ನಡೆಯುತ್ತೆ ಬಿಡು." ಆ ಮಾತು ಯಾಕೆ ನಿಂತಿತು ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ಇಂಥವನು ಅರವತ್ತರ ವಯಸ್ಸಿನಲ್ಲಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ದೋಣಿ ಕಟ್ಟಲು ಕೂತದ್ದು ಮಗಳಿಗಾಗಿ. ಅವಳಿಗೆ ಹಿನ್ನೀರಿನ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಕೆಲಸ ಸಿಕ್ಕ ವಾರವೇ ಸೇತುವೆಯ ಕಂಬ ಬಿರುಕು ಬಿಟ್ಟಿದೆ ಎಂದು ಎರಡೂ ತುದಿಗೆ ಕಲ್ಲು ಅಡ್ಡ ಇಟ್ಟರು. ರಿಪೇರಿಗೆ ಎಂಟು ತಿಂಗಳಂತೆ. ಬಸ್ಸಿನಲ್ಲಿ ಸುತ್ತಿ ಹೋದರೆ ಎರಡೂವರೆ ಗಂಟೆ, ಮೊದಲ ಬಸ್ಸು ಹೊರಡುವುದೇ ಏಳಕ್ಕೆ, ಡ್ಯೂಟಿ ಎಂಟಕ್ಕೆ. ಆ ದಡದಲ್ಲೇ ಕೋಣೆ ಹಿಡಿಯೋಣವೆಂದರೆ ಸೇತುವೆ ರಿಪೇರಿಯವರೇ ಎಲ್ಲ ಕೋಣೆಗಳಲ್ಲೂ ತುಂಬಿಕೊಂಡಿದ್ದರು. ನೀರಿನ ಮೇಲೆ ಹೋದರೆ ಮಾತ್ರ ಅರ್ಧ ಗಂಟೆಯ ದಾರಿ.

"ಅಪ್ಪಾ, ನಂಗೊಂದು ದೋಣಿ ಕಟ್ಟಿಕೊಡು," ಎಂದಳು ಮಗಳು ಊಟಕ್ಕೆ ಕೂತಾಗ. "ಚಿಕ್ಕಪ್ಪಂಗೆ ಕಟ್ಟಿಕೊಟ್ಟಿದ್ದೆಯಂತಲ್ಲ."

ಹೆಂಡತಿಯ ಕೈಲಿದ್ದ ಸೌಟು ಪಾತ್ರೆಯ ಅಂಚಿಗೆ ಬಡಿದು ಸದ್ದಾಯಿತು. ಆ ಮನೆಯಲ್ಲಿ ಆ ಚಿಕ್ಕಪ್ಪನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅವನು ಅರ್ಧನೂಲಿನ ತಮ್ಮ, ಎಡಗೈಯವನು, ಎಲ್ಲರ ಬಾಯಲ್ಲೂ ಎಡಚ. ಅಣ್ಣ ತಮ್ಮ ಇಬ್ಬರೂ ಅದೇ ಕೊಟ್ಟಿಗೆಯಲ್ಲಿ ಎದುರುಬದುರು ನಿಂತು ಕೆಲಸ ಮಾಡುತ್ತಿದ್ದವರು. ಇಪ್ಪತ್ತೆರಡು ವರ್ಷದ ಹಿಂದೆ ಎಡಚ ಹಿನ್ನೀರಿನಲ್ಲಿ ಹೋದ. ದೋಣಿ ಸಿಕ್ಕಿತು, ಆಳು ಸಿಗಲಿಲ್ಲ. ಆಗ ಈ ಹುಡುಗಿಗೆ ಎರಡು ವರ್ಷ. ಇವಳಿಗೆ 'ಮೊಳೆ' ಎಂದು ಹೆಸರಿಟ್ಟವನೂ ಅವನೇ. "ಮುಕ್ಕಾಲಿಂಚಿನ ಮೊಳೆ ಥರ ಇದಾಳೆ ನೋಡಣ್ಣ, ಆದ್ರೆ ಚುಚ್ಚಿದ್ರೆ ಬಿಡೋದಿಲ್ಲ," ಎನ್ನುತ್ತಿದ್ದ. ತಿಂಗಳಿಗೊಂದು ಸಲ ಅವಳನ್ನು ಕೊಟ್ಟಿಗೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ತಲೆಯ ಮಟ್ಟಕ್ಕೆ ಪೆನ್ಸಿಲ್ಲಿನಲ್ಲಿ ಗೀರು ಹಾಕುತ್ತಿದ್ದ. ಉಳಿದ ಬಡಗಿಗಳ ಗೀರು ಬಲಕ್ಕೆ ವಾಲಿದರೆ ಅವನದು ಎಡಕ್ಕೆ. ಆ ಗೀರುಗಳು ಇನ್ನೂ ಚೌಕಟ್ಟಿನಲ್ಲಿ ಹಾಗೇ ಇದ್ದವು.

ಒಂದು ವಾರ ಅರ್ಧನೂಲು ಆಗುವುದಿಲ್ಲ ಎಂದ. ಮೊಳೆ ಸುಮ್ಮನೆ ಹೋಗಿ ಮೀನು ಹಿಡಿಯುವವರ ಹಳೇ ತೂತುದೋಣಿಯೊಂದನ್ನು ಬಾಡಿಗೆಗೆ ಕೇಳಿ ಬಂದಳು. ಅದನ್ನು ಕೇಳಿದ್ದೇ ತಡ, ಅವನು ಎದ್ದು ಮರದ ಡಿಪೋಗೆ ಹೊರಟ.

ಐದು ವಾರ ಕೆಲಸ ನಡೆಯಿತು. ಅಡಿಮರ ಇಟ್ಟ, ಪಕ್ಕೆಲುಬುಗಳನ್ನು ಬಗ್ಗಿಸಿದ, ಹಲಗೆ ಕೂರಿಸಿ ಸಂದಿಗೆ ಹತ್ತಿ ತುರುಕಿ ರಾಳ ಬಳಿದ. ಕೊಟ್ಟಿಗೆಯ ಮುಂದೆ ಹಾದು ಹೋಗುವವರೆಲ್ಲ ಇಣುಕಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಬಾಗಿಲು ಅಳೆದಿದ್ದೀಯಾ ಮೊದಲು?" ಅಳೆಯದೆ ಇರುತ್ತಾನೆಯೇ! ದೋಣಿ ಬಾಗಿಲಿಗಿಂತ ಐದಿಂಚು ಅಗಲ ಎಂದು ಮೊದಲ ದಿನವೇ ಗೊತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಚೌಕಟ್ಟಿಗೆ ಗರಗಸ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಅವನು ಎರಡು ದಿನ ಕೂತು ಚೌಕಟ್ಟನ್ನು ಇಡಿಯಾಗಿ ಬಿಡಿಸಿ, ಗೀರುಗಳ ಕಡೆ ನೋಡದೆ, ಗೋಡೆಗೆ ಒರಗಿಸಿಟ್ಟ. ಇದರಲ್ಲಿ ಅರ್ಧ ನೂಲೂ ತಪ್ಪಬಾರದು, ನನ್ನ ಮಗು ಕೂರುವ ದೋಣಿ ಇದು ಎಂದು ತನಗೆ ತಾನೇ ದಿನಾ ಹೇಳಿಕೊಂಡ. ಸೋಮವಾರ ಅವಳು ಕೆಲಸಕ್ಕೆ ಹಾಜರಾಗಬೇಕಿತ್ತು. ಬುಧವಾರದ ಹೊತ್ತಿಗೆ ಉಳಿದದ್ದು ಕಾಲ್ಪಟ್ಟಿಯೊಂದೇ.

ಕಾಲ್ಪಟ್ಟಿ ಎಂದರೆ ಏನೂ ಅಲ್ಲ, ದೋಣಿಯ ತಳಕ್ಕೆ ಅಡ್ಡಲಾಗಿ ಬಿಗಿಯುವ ನಾಲ್ಕು ಬೆರಳಗಲದ ಒಂದು ಪಟ್ಟಿ. ಆದರೆ ದೋಣಿಯ ಜೀವ ಇರುವುದು ಅದರಲ್ಲೇ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ, ಮುಖ ಬಿಟ್ಟು ಬಂದ ದಡದ ಕಡೆ. ಪಟ್ಟಿಗೆ ಅಂಗಾಲು ಊರಿ ಒದ್ದು ಎಳೆದರೆ ಮಾತ್ರ ಹುಟ್ಟಿಗೆ ಬಲ. ಪಟ್ಟಿ ದೂರವಾದರೆ ಕಾಲು ಸಿಗುವುದಿಲ್ಲ, ಹತ್ತಿರವಾದರೆ ಮೊಣಕಾಲು ಎದ್ದು ಹುಟ್ಟಿಗೆ ಅಡ್ಡ ಬರುತ್ತದೆ. ಅದಕ್ಕೇ ಅರ್ಧನೂಲಿನ ಅಪ್ಪನ ಕಾಲದಿಂದಲೂ ಒಂದು ಪದ್ಧತಿ. ದೋಣಿ ಯಾರಿಗೋ ಅವರೇ ಬಂದು ಪೀಠದ ಮೇಲೆ ಕೂತು ಕಾಲು ಚಾಚಬೇಕು, ಆಮೇಲೆಯೇ ಗೀರು.

"ಕೂತ್ಕೋ ಮೊಳೆ, ಕಾಲು ಚಾಚು," ಎಂದ. ಅವಳು ಚಾಚಿದಳು. ಮೂವತ್ತಮೂರು ಇಂಚು.

"ನಂದೂ ಇಷ್ಟೇ," ಎಂದ ಅವನು. "ಅಪ್ಪನ ಕಾಲು ಹೊತ್ಕೊಂಡು ಬಂದಿದ್ದೀಯ."

"ಅಪ್ಪನ ಮೂಗು ಬರ್ಲಿಲ್ವಲ್ಲ, ಬಚಾವಾದೆ," ಎಂದು ಅವಳು ನಕ್ಕು ಹೋದಳು. ಅವನು ಗೀರು ಹಾಕಿ, ನಾಲ್ಕು ಸ್ಕ್ರೂ ಬಿಗಿದು ಕೈ ಒರೆಸಿಕೊಂಡ. ಸಂಜೆ ಅವಳು ಬಂದು ಕೂತರೆ ಕಾಲು ಪಟ್ಟಿಗೆ ಸಿಗಲೇ ಇಲ್ಲ. ಟೇಪು ಹಿಡಿದು ನೋಡಿದ. ಮೂವತ್ತೇಳು.

ನಾಲ್ಕು ಇಂಚು! ಅರ್ಧ ನೂಲಿಗೆ ಹೆಸರು ಮಾಡಿದವನು ನಾಲ್ಕು ಇಂಚು ತಪ್ಪಿದ್ದ. ಮೊಳೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಬಾಮ್ಮಾ ಇಲ್ಲಿ, ಅರ್ಧನೂಲು ಮೂವತ್ತೆರಡು ನೂಲು ತಪ್ಪಿದಾರೆ!" ಅವನೂ ಪೆಚ್ಚುನಗೆ ನಕ್ಕ, ಆದರೆ ಮೂವತ್ತೇಳು ಎಂಬ ಅಂಕಿ ನೋಡಿ ಟೇಪನ್ನು ಬೇಗನೆ ಸುತ್ತಿ ಜೇಬಿಗೆ ಹಾಕಿಕೊಂಡ.

ಗುರುವಾರ ಪಟ್ಟಿ ಬಿಚ್ಚಿದ. ಹೊಸ ಪೆನ್ಸಿಲ್ಲು, ಹೊಸ ಟೇಪು. ಬೆಳಗಿನ ಹತ್ತು ಗಂಟೆಯ ಬಿಸಿಲು ಕೊಟ್ಟಿಗೆಯ ತುಂಬ ಬಿದ್ದಿತ್ತು. ಮೂರು ಸಲ ಅಳೆದು ಗೀರು ಹಾಕಿ ಬಿಗಿದ. ಎದ್ದು ನಿಂತು ಮತ್ತೆ ಟೇಪು ಹಿಡಿದರೆ ಮೂವತ್ತೇಳು, ಒಂದು ನೂಲು ಆಚೆ ಇಲ್ಲ, ಈಚೆ ಇಲ್ಲ. ಬೆವರು ಒರೆಸಿಕೊಳ್ಳಲು ಪೀಠದ ಮೇಲೆ ಕುಕ್ಕರಿಸಿದ ಕೂಡಲೇ ಜಿಗಿದೆದ್ದ. ಪೀಠ ಒದ್ದೆಯಾಗಿತ್ತು. ಆ ದೋಣಿ ಇನ್ನೂ ನೀರನ್ನೇ ಕಂಡಿರಲಿಲ್ಲ, ಮಾಡು ಸೋರಿರಲಿಲ್ಲ, ಆದರೂ ಒಬ್ಬ ಮನುಷ್ಯ ಕೂರುವಷ್ಟು ಜಾಗ ಮಾತ್ರ ತೊಯ್ದು ಕಪ್ಪಾಗಿತ್ತು. ಕೈ ಮೂಸಿ ನೋಡಿಕೊಂಡ. ಪಾಚಿಯ ವಾಸನೆ.

ಶುಕ್ರವಾರ ಹೆಂಡತಿಯನ್ನು ಕರೆದ. "ಲೇ, ಸ್ವಲ್ಪ ಬಂದು ಕೂತ್ಕೋ. ನಾನು ಅಳೆಯೋದನ್ನ ನೋಡ್ತಾ ಇರು, ಬೇರೇನೂ ಬೇಡ."

"ಇಪ್ಪತ್ತು ವರ್ಷದಿಂದ ಅದನ್ನೇ ನೋಡಿ ನೋಡಿ ಸಾಕಾಗಿದೆ," ಎನ್ನುತ್ತಲೇ ಅವಳು ಸ್ಟೂಲು ಎಳೆದುಕೊಂಡು ಕೂತಳು, ಮಡಿಲಲ್ಲಿ ತರಕಾರಿ, ಕೈಯಲ್ಲಿ ಚಾಕು. ಅವನು ಬಗ್ಗಿ ಟೇಪು ಹಿಡಿದ, ಗೀರು ಹಾಕಿದ, ಸ್ಕ್ರೂ ಬಿಗಿದ. ತಲೆ ಎತ್ತಿದರೆ ಹೆಂಡತಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ತರಕಾರಿಯೆಲ್ಲ ನೆಲದ ಮೇಲೆ.

"ಏನೇ ಆಯ್ತು?"

"ರೀ… ಯಾರ ಜೊತೆ ಮಾತಾಡ್ತಿದ್ರಿ?"

"ಮಾತಾ? ನಾನು ಬಾಯೇ ಬಿಟ್ಟಿಲ್ಲ."

"ಮೂವತ್ತಮೂರಕ್ಕೆ ಪೆನ್ಸಿಲ್ ಇಟ್ರಿ, ನಾನೇ ನೋಡ್ದೆ. ಆಮೇಲೆ ಪೀಠದ ಕಡೆ ತಲೆ ಎತ್ತಿ 'ಇನ್ನೊಂಚೂರು ಚಾಚು' ಅಂದ್ರಿ. ಕಾದ್ರಿ. 'ಆಯ್ತಾ?' ಅಂತ ಕೇಳಿದ್ರಿ. ಆಮೇಲೆ ಪೆನ್ಸಿಲ್ಲನ್ನ ಅಷ್ಟು ದೂರ ಸರಿಸಿ ಗೀರು ಹಾಕಿದ್ರಿ." ಅವಳು ಚಾಕುವಿನಿಂದಲೇ ಪೀಠ ತೋರಿಸಿದಳು. "ನಗ್ತಾ ಇದ್ರಿ, ರೀ. ನೀವು ಹಾಗೆ ನಕ್ಕಿದ್ದನ್ನ ನಾನು ನೋಡಿ ಎಷ್ಟು ವರ್ಷ ಆಯ್ತೋ."

ಅವನು ಸ್ಕ್ರೂಡ್ರೈವರು ಕೆಳಗಿಟ್ಟ. ನೆಲದ ಮೇಲೆ ಮರದ ಸಿಪ್ಪೆಗಳ ನಡುವೆ ಕುಸಿದು ಕೂತ. ಹೆಂಡತಿ ಮಗಳನ್ನು ಕೂಗಿದಳು. ಮೊಳೆ ಓಡಿ ಬಂದು ಅಪ್ಪನ ಮುಖ ನೋಡಿ, ನರ್ಸಲ್ಲವೇ, ಮೊದಲು ನಾಡಿ ಹಿಡಿದಳು.

"ನನ್ನ ನಾಡಿ ಇರ್ಲಿ ಬಿಡು," ಎಂದ ಅವನು. "ಮೂವತ್ತೇಳು ನಿನ್ನ ಚಿಕ್ಕಪ್ಪನ ಅಳತೆ."

ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಆ ಮಧ್ಯಾಹ್ನ ಹೊರಗೆ ಹಾಕಿದ. ಎಡಚ ಅಣ್ಣನಿಗಿಂತ ಒಂದು ತಲೆ ಎತ್ತರ, ಉದ್ದ ಕಾಲಿನವನು. ಅವನು ಹೋದ ಮೇಲೆ ಗೂಟದಲ್ಲಿದ್ದ ಅವನ ಪ್ಯಾಂಟಿಗೆ ಟೇಪು ಹಿಡಿದು ನೋಡಿದ್ದ, ಮೂವತ್ತೇಳು. ದೋಣಿ ಮುಗಿಯುವ ದಿನ ಕೊಟ್ಟಿಗೆಗೆ ಬಂದು, "ಅಣ್ಣಾ, ಕೂರ್ತೀನಿ, ಕಾಲು ಅಳೆದುಬಿಡು" ಎಂದು ಎರಡು ಸಲ ಕೇಳಿದ್ದ. ಅರ್ಧನೂಲಿಗೆ, ಆಗಿನ್ನೂ ಆ ಹೆಸರು ಬಂದಿರಲಿಲ್ಲ, ಎಲ್ಲಿಗೋ ಹೋಗುವ ಅವಸರ. ತನ್ನ ಕಾಲನ್ನೇ ಚಾಚಿ ಮೂವತ್ತಮೂರಕ್ಕೆ ಪಟ್ಟಿ ಬಿಗಿದು, "ಒಂದೇ ತಾಯಿ ಮಕ್ಕಳ ಕಾಲು ಕಣೋ, ನಡೆಯುತ್ತೆ ಬಿಡು" ಎಂದಿದ್ದ.

"ಮಾರನೇ ದಿನ ಹೊರಟ. ನಾನು ದಡದಲ್ಲೇ ನಿಂತಿದ್ದೆ. ಅಣೆಕಟ್ಟಿನ ಗೇಟು ತೆಗೆದಿದ್ರು, ಗಾಳಿ ನನ್ನ ಬೆನ್ನಿಂದ ಆ ಕಡೆಗೇ ಬೀಸ್ತಿತ್ತು. ಅರ್ಧ ನೀರಿಗೆ ಹೋದವನು ನನ್ನ ಕಡೆ ನೋಡ್ತಾ ತೊಡೆ ತಟ್ಟಿ ತಟ್ಟಿ ಏನೋ ಕೂಗಿದ. ಒಂದಕ್ಷರ ಕೇಳಿಸಲಿಲ್ಲ. ಕಾಲಿಗೆ ಜಾಗ ಸಾಲ್ತಿಲ್ಲ ಅಂತಿದ್ದಿರಬೇಕು, ನಾನು ತಮಾಷೆ ಮಾಡ್ತಿದಾನೆ ಅನ್ಕೊಂಡೆ. ಕೈ ಬೀಸಿದೆ." ಅವನು ಆ ಕೈಯನ್ನೇ ನೋಡಿಕೊಂಡ. "ಕೈ ಬೀಸಿ ಟೀ ಕುಡಿಯೋಕೆ ಹೋದೆ. ದೋಣಿ ಸಿಕ್ಕಾಗ ಕಾಲ್ಪಟ್ಟಿ ಅವನು ಒದ್ದ ಏಟಿಗೆ ಕಿತ್ತು ಒಳಗೇ ಬಿದ್ದಿತ್ತು. ಯಾರೂ ನೋಡೋ ಮೊದಲು ಅದನ್ನ ತಂದು ಒಲೆಗೆ ಹಾಕಿದೆ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊಳೆ ನಾಡಿ ಹಿಡಿದುಕೊಂಡೇ, "ಎರಡು ಸಲ ಕೇಳಿದ್ನಾ?" ಎಂದಳು.

"ಎರಡು ಸಲ."

ಅವಳು ಹಿಡಿದಿದ್ದ ನಾಡಿಯನ್ನು ಬಿಟ್ಟಳು. ಅದಕ್ಕಿಂತ ಒಂದು ಏಟು ಹೊಡೆದಿದ್ದರೂ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

"ಇದು ನಿನ್ನ ದೋಣಿ ಅಲ್ಲ ಮಗಳೇ," ಎಂದ. "ಅವನು ತನ್ನ ಅಳತೆ ಕೇಳ್ತಿದಾನೆ. ಇದನ್ನ ಅವನಿಗೆ ಕೊಟ್ಟುಬಿಡ್ತೀನಿ. ನೀನು ಇದರಲ್ಲಿ ಕೂರಕೂಡದು."

"ಮತ್ತೆ ಸೋಮವಾರ ನಾನು ಈಜ್ಕೊಂಡು ಹೋಗ್ಲಾ?" ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಐದು ವಾರ ಕಾದಿದೀನಪ್ಪಾ. ಕೆಲಸ ಹೋಗುತ್ತೆ!"

"ಹೋಗ್ಲಿ. ಕೆಲಸ ಇನ್ನೊಂದು ಸಿಗುತ್ತೆ." ಅವನು ಆ ಮಾತಿನಿಂದ ಕದಲಲಿಲ್ಲ. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಅವಳು ಅರ್ಧ ನೀರಿನಲ್ಲಿ ತೊಡೆ ತಟ್ಟುವುದನ್ನು ಅವನು ನೋಡಬಾರದು.

ಭಾನುವಾರ ಮಧ್ಯಾಹ್ನ ಬೀದಿಯ ನಾಲ್ಕು ಜನ ಹೆಗಲು ಕೊಟ್ಟು ದೋಣಿಯನ್ನು ದಡಕ್ಕೆ ತಂದರು. "ಬಾಗಿಲು ದಾಟ್ತಲ್ಲಪ್ಪ, ಗೆದ್ದೆ," ಎಂದು ಬೆನ್ನು ತಟ್ಟಿ ಹೊರಟುಹೋದರು. ಅಲ್ಲಿ ಉಳಿದವರು ಮನೆಯ ಮೂವರೇ. ಅರ್ಧನೂಲು ದೋಣಿಯನ್ನು ಮೊಣಕಾಲುದ್ದ ನೀರಿಗೆ ತಳ್ಳಿ, ಹುಟ್ಟುಗಳನ್ನು ಒಳಗಿಟ್ಟು, ಖಾಲಿ ಪೀಠದ ಎದುರು ಬಗ್ಗಿದ.

"ಬಾರೋ," ಎಂದ. "ಕೂತ್ಕೋ. ಕಾಲು ಚಾಚು. ನನಗೇನೂ ಅವಸರ ಇಲ್ಲ."

ದೋಣಿ ಮೆಲ್ಲಗೆ ಮೂರು ಬೆರಳಷ್ಟು ಕೆಳಗಿಳಿಯಿತು, ಯಾರೋ ಏರಿ ಕೂತಂತೆ. ದಡದಲ್ಲಿ ಹೆಂಡತಿ ಮಗಳ ಕೈ ಹಿಡಿದುಕೊಂಡಳು. ಅವನು ಟೇಪು ಎಳೆದು ಮೂವತ್ತೇಳು ನೋಡಿ, ಬಿಗಿದಿದ್ದ ನಾಲ್ಕು ಸ್ಕ್ರೂಗಳನ್ನೂ ಒಂದೊಂದಾಗಿ ಮತ್ತೆ ತಿರುವಿ ಗಟ್ಟಿಮಾಡಿದ. "ಸರಿಯಾಯ್ತೇನೋ?" ಎಂದು ಕೇಳಿದ. ದೋಣಿಯ ಅಂಚಿನಿಂದ ಕೈ ತೆಗೆದ.

ಗಾಳಿ ನೀರಿನಿಂದ ದಡಕ್ಕೆ ಬೀಸುತ್ತಿತ್ತು. ತರಗೆಲೆ, ನೊರೆ, ಪ್ಲಾಸ್ಟಿಕ್ ಬಾಟಲಿ ಎಲ್ಲವೂ ತೇಲಿ ತೇಲಿ ಅವರ ಕಾಲ ಬಳಿಗೇ ಬರುತ್ತಿದ್ದವು. ದೋಣಿಯೊಂದು ಮಾತ್ರ ಅವೆಲ್ಲದರ ನಡುವೆ ಹಾದು ಗಾಳಿಗೆ ಎದುರಾಗಿ ಹೊರಟಿತು. ಅವಸರವಿಲ್ಲದೆ, ಗೀಟು ಎಳೆದಂತೆ ನೇರವಾಗಿ ಅಣೆಕಟ್ಟಿನ ಕಡೆ ಹೋಗಿ ತಿರುವಿನಲ್ಲಿ ಮರೆಯಾಯಿತು. ಮೊಳೆ ಅಳುತ್ತ ಮನೆಗೆ ಹೋದಳು.

ಸೋಮವಾರ ಬೆಳಗ್ಗೆ ಆರಕ್ಕೆಲ್ಲ ಅರ್ಧನೂಲು ದಡದಲ್ಲಿದ್ದ. ಯಾಕೆ ಬಂದೆ ಎಂದು ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ. ದೋಣಿ ಅಲ್ಲಿತ್ತು. ಮೂತಿಯನ್ನು ಕಲ್ಲಿನ ಮೇಲೆ ಎಳೆದು ಯಾರೋ ಜೋಪಾನವಾಗಿ ನಿಲ್ಲಿಸಿದ್ದರು. ಒಳಗೆ ಪೀಠದ ಮೇಲೆ ಒಂದಾಳಿನಷ್ಟು ಒದ್ದೆ, ಬೇರೆಲ್ಲ ಒಣಗಿತ್ತು. ಮೂವತ್ತೇಳರ ಜಾಗದಲ್ಲಿ ಬರೀ ನಾಲ್ಕು ಸ್ಕ್ರೂ ತೂತು. ಪಟ್ಟಿ ಈಚೆಗೆ ಬಂದಿತ್ತು. ಜೇಬಿನಿಂದ ಟೇಪು ತೆಗೆದು ಹಿಡಿದ. ಮೂವತ್ತಮೂರು, ಅರ್ಧ ನೂಲೂ ತಪ್ಪಿರಲಿಲ್ಲ. ಪಟ್ಟಿಯ ಪಕ್ಕದಲ್ಲಿ ಪೆನ್ಸಿಲ್ ಗೀರು. ಎಡಕ್ಕೆ ವಾಲಿತ್ತು.

ಎಷ್ಟು ಹೊತ್ತು ಅಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದನೋ. ಹಿಂದೆ ಚಪ್ಪಲಿಯ ಸದ್ದಾಯಿತು. ಮೊಳೆ ಬಿಳಿ ಯೂನಿಫಾರ್ಮಿನಲ್ಲಿದ್ದಳು, ಹೆಗಲಲ್ಲಿ ಊಟದ ಚೀಲ. ಮೀನು ಹಿಡಿಯುವವರ ಆ ತೂತುದೋಣಿ ಕೇಳಲು ಹೊರಟಿದ್ದವಳು ಇವನನ್ನು ಕಂಡು ಇಳಿದು ಬಂದಿದ್ದಳು. ಅವಳು ಪಟ್ಟಿ ನೋಡಿದಳು, ಗೀರು ನೋಡಿದಳು. ಒಳಗೆ ಕಾಲಿಟ್ಟು, ಚೀಲದಿಂದ ಟವೆಲ್ಲು ತೆಗೆದು ಒದ್ದೆಯ ಮೇಲೆ ಹಾಸಿ ಕೂತು ಕಾಲು ಚಾಚಿದಳು. ಅಂಗಾಲು ಪಟ್ಟಿಗೆ ಸರಿಯಾಗಿ ಕೂತಿತು.

"ಬೇಡ ಮೊಳೆ," ಎಂದ ಅವನು. "ಅವನನ್ನ ಮುಳುಗಿಸಿದ ಅಳತೆ ಅದು. ಅವನ ಮನಸ್ಸಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ."

"ಅವನನ್ನ ಮುಳುಗಿಸಿದ್ದು ನಿನ್ನ ಕಾಲಿನ ಅಳತೆ. ಇದು ನನ್ನ ಕಾಲಿಂದು." ಅವಳು ಗೀರಿನ ಮೇಲೆ ಬೆರಳಿಟ್ಟಳು. "ಹುಟ್ಟಿದಾಗಿನಿಂದ ಈ ಗೀರನ್ನ ನಾನು ಬಾಗಿಲ ಚೌಕಟ್ಟಲ್ಲಿ ನೋಡ್ತಿದೀನಪ್ಪಾ. ನನ್ನನ್ನ ಅವನು ಯಾವತ್ತಾದ್ರೂ ತಪ್ಪು ಅಳೆದಿದ್ನಾ?"

ಅವಳೇ ಹುಟ್ಟಿನಿಂದ ಕಲ್ಲನ್ನು ತಳ್ಳಿ ಹೊರಟಳು. ಅವನು ದಡದಲ್ಲಿ ಕಣ್ಣು ಮಿಟುಕಿಸದೆ ನಿಂತ. ಅವಳ ಮುಖ ಅವನ ಕಡೆಗಿತ್ತು, ಚಿಕ್ಕದಾಗುತ್ತ ಹೋಯಿತು.

ಅರ್ಧ ನೀರಿಗೆ ಹೋದಾಗ ಆಚೆ ದಡದಿಂದ ಗಾಳಿ ಎದ್ದಿತು. ನೀರು ಬಣ್ಣ ಬದಲಿಸಿತು. ದೋಣಿ ಒಂದು ಕ್ಷಣ ನಿಂತು, ಮೂತಿ ಮೆಲ್ಲಗೆ ಅಣೆಕಟ್ಟಿನ ಕಡೆ ತಿರುಗಿತು. ಆಗ ಮೊಳೆ ಎಡಗೈಯನ್ನು ಹುಟ್ಟಿನಿಂದ ತೆಗೆದು ತೊಡೆ ತಟ್ಟಿದಳು. ಒಂದು ಸಲ, ಎರಡು ಸಲ. ಬಾಯಿ ತೆರೆದು ಏನೋ ಕೂಗಿದಳು.

ಈ ಸಲ ಅವನು ಕೈ ಬೀಸಲಿಲ್ಲ, ಚಪ್ಪಲಿ ಸಮೇತ ಸೊಂಟದುದ್ದ ನೀರಿಗೆ ನುಗ್ಗಿದ. "ಏನು? ಏನು ಮಗಳೇ?" ಎಂದು ಅರಚಿದ. ಇವತ್ತು ಗಾಳಿ ಅವನ ಕಡೆಗೇ ಬೀಸುತ್ತಿತ್ತು, ಒಂದಕ್ಷರ ಬಿಡದೆ ಹೊತ್ತು ತಂದಿತು.

"ಪಟ್ಟಿ ಕಾಲಿಗೆ ಗಟ್ಟಿಯಾಗಿ ಸಿಗ್ತಾ ಇದೆ ಅಪ್ಪಾ! ಭಯ ಪಡಬೇಡ!"

ದೋಣಿಯ ಮೂತಿ ಮತ್ತೆ ಆಸ್ಪತ್ರೆಯ ಕಡೆ ತಿರುಗಿತ್ತು. ಮೊಳೆ ಇನ್ನೂ ನಗುತ್ತ ಇವನಿಗೆ ಕಾಣಲೆಂದು ತೊಡೆ ತಟ್ಟುತ್ತಲೇ ಇದ್ದಳು, ಬಲಗೈಯಲ್ಲಿ ಮಾತ್ರ ಹುಟ್ಟು. ಅವಳು ಬಿಟ್ಟ ಎಡಗಡೆಯ ಹುಟ್ಟು ನಿಂತಿರಲಿಲ್ಲ. ಅದು ಎದ್ದು, ಮುಳುಗಿ, ಎಳೆದು, ಮತ್ತೆ ಎದ್ದು, ಅವಳ ಬಲಗೈಯ ಲಯಕ್ಕೇ ಸರಿಯಾಗಿ ನಡೆಯುತ್ತಿತ್ತು. ಅವಳು ಅದನ್ನಿನ್ನೂ ನೋಡಿರಲಿಲ್ಲ.

ಅರ್ಧನೂಲು ನೀರಿನಲ್ಲಿ ನಿಂತು ಎರಡೂ ಕೈ ಬಾಯಿಗಿಟ್ಟು ಕೂಗಿದ.

"ಕೇಳಿಸ್ತು ಕಣೋ! ಕೇಳಿಸ್ತು ಕಣೋ ತಮ್ಮಾ!"

ದೋಣಿ ಆಚೆ ದಡ ಮುಟ್ಟುವವರೆಗೂ ಅದನ್ನೇ ಕೂಗುತ್ತಿದ್ದ.